ಅಂಗಳದ ಸಂದಿಗೂ ವರ್ಷಕ್ಕೊಮ್ಮಿ ಕೈ ಹಚ್ಚಬೇಕು

ಮನ್ನಿ ಬಾಜೂಮನಿ ತಂಗಿ ಬಂದು, "ಅಕ್ಕಾ, ನಮ್ಮ ಅಂಗಳಕ್ಕೂ ಕಾಂಕ್ರೀಟ್ ಹಾಕಸಾಕತ್ತೀವಿ, ಇನ್ನ ಕೆಸರಿನ ಕಾಟ ತಪ್ಪಿತು" ಅಂತ ಖುಷೀಲೆ ಹೇಳಿದ್ಲು. ನಾ ಕೇಳಿದ್ದು ಒಂದ ಮಾತು: "ಸಂದಿಗೆ ಏನ ತುಂಬಸ್ತೀರಿ?" ಆಕಿ ಸುಮ್ನ ನನ್ನ ಮಾರಿ ನೋಡಿದ್ಲು. ಆರು ವರ್ಷದ ಹಿಂದ ಯಾರರೆ ನನಗ ಹಿಂಗ ಕೇಳಿದ್ರ ನಾನೂ ಹಂಗ ನೋಡತಿದ್ದೆ. ಅದಕ್ಕ ಇವತ್ತ ಬರ್ಯಾಕ ಕುಂತೀನಿ.

ನಮ್ಮ ಅಂಗಳಕ್ಕ ಟ್ರ್ಯಾಕ್ಟರ್ ಬರಾಕ ಅನುಕೂಲ ಆಗ್ಲಿ ಅಂತ ನಾಕ ಇಂಚಿನ ಕಾಂಕ್ರೀಟ್ ಹಾಕಿಸಿದ್ವಿ. ನಡುವ ನಡುವ ಗೆರಿ ಕೊರದ್ರು. ಗ್ವಾಡಿಗೂ ಕಾಂಕ್ರೀಟಿಗೂ ನಡುವ ಬೆರಳ ಹೋಗುವಷ್ಟು ಸಂದಿ ಬಿಟ್ಟಿದ್ರು. ನಾ ದಿನಾ ಮುಂಜಾನೆ ಎರಡ ಕೊಡ ನೀರ ಹೊಡದು ತೊಳೀತಿದ್ದೆ. ಅಂಗಳ ಕನ್ನಡಿ ಹಂಗ ಹೊಳೀತಿತ್ತು, ನೀರ ಮಾತ್ರ ಸಂದ್ಯಾಗ ಇಳೀತಿತ್ತು. ಕಸಾ ಹೊಡಿಯೂ ಮುಂದ ಸಂದ್ಯಾಗ ಕರಿಕಿ ಹುಟ್ಟಿದ್ದು, ಇರವಿ ಮಣ್ಣ ಹೊರಗ ತಂದ ಒಟ್ಟಿದ್ದು ನೋಡಿದ್ದೆ. ಹೇಳಿದ್ರ, "ಕಾಂಕ್ರೀಟಿಗೆ ಏನಾಕ್ಕೈತಿ ಬಿಡ" ಅಂದ್ರು. ನಾನೂ ಬಿಟ್ಟೆ.

ಎರಡನೇ ಮಳಿಗಾಲದಾಗ ಗ್ವಾಡಿ ಕಡೆ ಕಾಂಕ್ರೀಟ್ ಕುಸದು ಅಲ್ಲೇ ನೀರ ನಿಂತವು. ಒಳಗ ಗ್ವಾಡಿ ಹಸಿ ಹಿಡದು, ಅದಕ್ಕ ಆನಿಸಿ ಇಟ್ಟಿದ್ದ ಮೂರು ಚೀಲ ಜ್ವಾಳ ಬೂಸ್ಟ ಬಂತು. ವರ್ಷದ ರೊಟ್ಟಿ ಜ್ವಾಳ ಅದು. ದನಕ್ಕೂ ಹಾಕಲಾರದಂಗ ಆಗಿತ್ತು. ತಿಪ್ಪಿಗೆ ಚೆಲ್ಲೂ ಮುಂದ ಅತ್ತಿಯವರು ಮಾತಾಡ್ಲಿಲ್ಲ. ಅದ ನನಗ ಹೆಚ್ಚ ನಾಟ್ತು.

ಯಾಕ ಹಿಂಗಾತು? ನಮ್ಮ ಮನಿ ಕೆಳಗ ಇರೂದು ಎರಿ ಮಣ್ಣು. ನೀರ ಕುಡದ್ರ ಉಬ್ಬತೈತಿ, ಬ್ಯಾಸಿಗ್ಯಾಗ ಒಣಗಿ ಬಾಯಿ ಬಿಡತೈತಿ. ಸಂದ್ಯಾಗಿನ ನೀರ ಕಾಂಕ್ರೀಟಿನ ಕೆಳಗ ಹೋಗಿ ಗರಸ ಕೊಚಗೊಂಡ ಹೋಗತೈತಿ, ಒಂದ ಕಡೆ ಎತ್ತತೈತಿ, ಇನ್ನೊಂದ ಕಡೆ ಟೊಳ್ಳ ಮಾಡತೈತಿ. ಹಿಮ ಬೀಳೂ ದೇಶದಾಗ ಇದ ನೀರ ಬರ್ಫ ಆಗಿ ಉಬ್ಬಿ ಕಾಂಕ್ರೀಟ್ ಒಡೀತೈತಂತ. ನಮ್ಮಲ್ಲಿ ಬರ್ಫ ಇಲ್ಲ, ಎರಿ ಮಣ್ಣ ಆ ಕೆಲಸ ಮಾಡತೈತಿ.

ಮೊದಲ ನಾ ಸಿಮೆಂಟ ಕಲಿಸಿ ಸಂದಿಗೆ ಮೆತ್ತಿದೆ. ಬ್ಯಾಸಿಗಿ ಬಂದ ಕೂಡ್ಲೆ ಹಪ್ಪಳದಂಗ ಎದ್ದ ಬಂತು. ಬಿಸಿಲಿಗೆ ಕಾಂಕ್ರೀಟ್ ಹಿಗ್ಗತೈತಿ, ತಂಪಿಗೆ ಕುಗ್ಗತೈತಿ. ಅದಕ್ಕ ಜಾಗಾ ಸಿಗಲಿ ಅಂತನ ಸಂದಿ ಬಿಟ್ಟಿರತಾರ. ಅಲ್ಲಿ ಬಿರುಸು ವಸ್ತು ನಿಲ್ಲಂಗಿಲ್ಲ, ರಬ್ಬರಿನಂಗ ಜಗ್ಗೂದು ಬೇಕು. ಅಂಗಡ್ಯಾಗ ಪಿಯು ಸೀಲೆಂಟ್ ಅಂತ ಕೇಳಿದ್ರ ಕೊಡತಾರ.

ಮಾಡೂ ರೀತಿ ಇಷ್ಟ. ಸಂದ್ಯಾಗಿನ ಮಣ್ಣು, ಕರಿಕಿ ಬೇರು ಎಲ್ಲಾ ತಗದು ತಂತಿ ಬ್ರಷ್‌ನಿಂದ ತಿಕ್ಕಬೇಕು. ಪೂರ್ತಿ ಒಣಗಬೇಕು, ಹಸಿ ಇದ್ರ ಹಿಡಿಯಂಗಿಲ್ಲ. ಅಗಲ ಸಂದಿಗೆ ಅದಕ್ಕಿಂತ ತುಸು ದಪ್ಪಂದು ಫೋಮಿನ ಹಗ್ಗ ಒತ್ತಿ ಕೂಡಿಸಿ, ಅದರ ಮ್ಯಾಲ ಸೀಲೆಂಟ್ ಬಿಡಬೇಕು. ಹಗ್ಗ ಯಾಕಂದ್ರ, ಸೀಲೆಂಟ್ ಎರಡೂ ಬಾಜೂಕ್ಕಷ್ಟ ಹಿಡೀಬೇಕು. ತಳಕ್ಕೂ ಹಿಡದ್ರ ಜಗ್ಗಲಾರದ ಹರೀತೈತಿ. ಸಂದಿ ಎಷ್ಟ ಅಗಲೈತೋ ಅದರ ಅರ್ಧದಷ್ಟ ದಪ್ಪ ಸಾಕು. ಹೊಸಾ ಕಾಂಕ್ರೀಟ್ ಆದ್ರ 28 ದಿನ ಒಣಗಾಕ ಬಿಡ್ರಿ. ಮೊದಲ ಗ್ವಾಡಿ ಕಡೆ ಸಂದಿ ಮುಚ್ಚರಿ, ಆಮ್ಯಾಲ ಉಳದದ್ದು.

ಕೆಲವರು ಅಂತಾರ, "ಸಂದಿ ಬಿಟ್ರ ಮಳಿ ನೀರ ಭೂಮಿಗೆ ಇಳೀತೈತಿ, ಬೋರಿಗೆ ಚಲೋ." ನೀರ ಭೂಮಿಗೆ ಇಳೀಬೇಕು ಖರೆ, ಆದ್ರ ಬುನಾದಿಗಲ್ಲ. ಅಂಗಳದ ಅಂಚಿನ್ಯಾಗ ದಾಸಾಳ ಗಿಡಕ್ಕೊಂದು ಮಣ್ಣಿನ ಪಟ್ಟಿ ಬಿಡ್ರಿ, ನಾಕ ಫೂಟಿಗೆ ಒಂದ ಇಂಚ ಇಳಿಜಾರು ಆ ಕಡೆ ಕೊಡಸ್ರಿ. ಇಳಿಜಾರು ಮನಿ ಕಡೆ ಇದ್ರ ಎಂಥಾ ಸೀಲೆಂಟ್ ಹಾಕಿದ್ರೂ ಉಪಯೋಗಿಲ್ಲ.

ನಮ್ಮ ಹಿರಿಯಾರದು ಮಣ್ಣಿನ ಮಾಳಿಗಿ. ರೋಹಿಣಿ ಮಳಿ ಬರೂದ್ರಾಗ ಮಾಳಿಗಿ ಏರಿ ಹುಲ್ಲ ಕಿತ್ತು, ಹೊಸಾ ಮಣ್ಣ ಹಾಕಿ ತುಳೀತಿದ್ರು. ಬಡವರಿರಲಿ, ಗೌಡರಿರಲಿ, ಅದು ತಪ್ಪತಿರಲಿಲ್ಲ. ಆರ್‌ಸಿಸಿ ಬಂದ ಮ್ಯಾಲ ನಮಗ ಒಂದ ಭ್ರಮೆ ಬಂತು: ಒಮ್ಮಿ ರೊಕ್ಕಾ ಸುರದ್ರ ಮುಗೀತು ಅಂತ. ಮಣ್ಣಿನ ಮನಿಗೆ ಮಾಡತಿದ್ದ ಕಾಳಜಿ ಸಿಮೆಂಟಿನ ಮನಿಗೂ ಬೇಕು. ಸೀಲೆಂಟ್ ಕೆಲವು ವರ್ಷ ತಡೀತೈತಿ. ಆದ್ರ ಎಲ್ಲಿ ಬಿಟ್ಟೈತಿ, ಎಲ್ಲಿ ಹರದೈತಿ ಅನ್ನೂದನ್ನ ವರ್ಷಾ ನೋಡಬೇಕು.

ನೋಡೂವ್ರು ಯಾರು? ದಿನಾ ಅಂಗಳ ಹೊಡಿಯೂವ್ರು ನಾವು. ಬಿರುಕು ಮೊದಲ ಕಾಣೂದು ನಮಗ. ಹಂಗಂದ ಮ್ಯಾಲ ಹೇಳೂ ಹಕ್ಕೂ ನಮಗೈತಿ, ಜವಾಬ್ದಾರೀನೂ ಐತಿ. ಗೌಂಡ್ಯಾನ ಜೋಡಿ ಲೆಕ್ಕ ಮಾತಾಡೂ ದಿನಾನ ಮುಂದ ನಿಂತ, "ಸಂದಿ ತುಂಬೂದು ಈ ಲೆಕ್ಕದಾಗ ಐತೇನು?" ಅಂತ ಕೇಳ್ರಿ. ಅಂಗಳಕ್ಕ ಸುರಿಯೂ ರೊಕ್ಕದ ಮುಂದ ಅದು ಉಪ್ಪು-ಎಣ್ಣಿ ಖರ್ಚಿದ್ದಂಗ. ನಾ ಅವತ್ತ ಕೇಳಲಿಲ್ಲ, ಮೂರು ಚೀಲ ಜ್ವಾಳ ತಿಪ್ಪಿಗೆ ಹೋತು.

ಬಾಜೂಮನಿ ತಂಗಿ ನಿನ್ನೆ ಗೌಂಡ್ಯಾಗ ಕೇಳಿದ್ಲಂತ. ಮಿರಗದ ಮಳಿಗೆ ಇನ್ನೂ ಟೈಮ್ ಐತಿ. ನೀವೂ ನಾಳೆ ಕಸಬರಗಿ ಹಿಡದಾಗ ಒಮ್ಮಿ ಬಗ್ಗಿ ಸಂದಿ ನೋಡ್ರಿ.