ಎಣಿಕೆಯು ಗುಣಕ್ಕೆ ಪ್ರಮಾಣವೆ?

ವರ್ಷವು ಮುಗಿಯುತ್ತ ಬಂದಿತೆಂದರೆ ನಮ್ಮ ಮನೆಗಳ ತರುಣರಲ್ಲಿ ಒಂದು ವಾದವು ಹುಟ್ಟುವುದು. ಈ ವರ್ಷ ಹೊರಬಂದ ಗೀತಗುಚ್ಛಗಳಲ್ಲಿ, ಅವರ ಮಾತಿನಲ್ಲಿ ಹೇಳುವುದಾದರೆ ‘ಆಲ್ಬಂ’ಗಳಲ್ಲಿ, ಯಾವುದು ಮೊದಲನೆಯದು, ಯಾವುದು ಎರಡನೆಯದು, ಯಾವುದು ಹತ್ತರೊಳಗೆ ಸೇರಲು ಯೋಗ್ಯವಲ್ಲ ಎಂಬುದೇ ಆ ವಾದದ ವಿಷಯ. ಮೈಸೂರಿನ ಅಗ್ರಹಾರಗಳಲ್ಲಿಯೂ, ನಂಜನಗೂಡಿನ ದಾರಿಯಲ್ಲಿರುವ ನಮ್ಮ ಮಂಡಕಳ್ಳಿಯಲ್ಲಿಯೂ ಈ ಚರ್ಚೆಯು ಕಿವಿಗೆ ಬೀಳದ ಮನೆಗಳು ಈಗ ಕಡಮೆ. ಹಿರಿಯರಲ್ಲಿ ಅನೇಕರು ಇದನ್ನು ಹುಡುಗಾಟವೆಂದು ಅಲಕ್ಷ್ಯ ಮಾಡುವರು. ನಾನು ಆ ಪಂಗಡಕ್ಕೆ ಸೇರಿದವನಲ್ಲ. ಸಂಗೀತವನ್ನು ಕುರಿತು ಇಬ್ಬರು ಹುಡುಗರು ಊಟವನ್ನು ಮರೆತು ವಾದಿಸುವರೆಂದರೆ ಅದು ಆ ಮನೆಗೆ ಶೋಭೆಯೇ ಹೊರತು ಕುಂದಲ್ಲ.

ನನ್ನ ಆಕ್ಷೇಪಣೆಯಿರುವುದು ವಾದದ ಮೇಲಲ್ಲ. ಅದನ್ನು ತೀರಿಸುವ ಕ್ರಮದ ಮೇಲೆ. “ಇದೇ ಶ್ರೇಷ್ಠ” ಎಂದು ಒಬ್ಬನು ಹೇಳುವನು. “ಏತಕ್ಕೆ?” ಎಂದು ಕೇಳಿದರೆ, ಇಷ್ಟು ಕೋಟಿ ಸಲ ಜನ ಕೇಳಿದ್ದಾರೆಂದು ಮೊಬೈಲಿನ ಮೇಲಣ ಅಂಕೆಯನ್ನು ತೋರಿಸುವನು. ಅಲ್ಲಿಗೆ ಎದುರುಪಕ್ಷದ ಬಾಯಿ ಕಟ್ಟಿತು. ಈ ಅಂಕೆಯು ಗುಣಕ್ಕೆ ಪ್ರಮಾಣವಾಗಲಾರದು, ಇದನ್ನು ಪ್ರಮಾಣವೆಂದು ಒಪ್ಪುತ್ತ ಹೋದರೆ ಕನ್ನಡದ ಸಂಗೀತಕ್ಕೆ ನಷ್ಟವುಂಟು ಎಂಬುದು ನನ್ನ ಪ್ರತಿಜ್ಞೆ. ಇನ್ನು ಹೇತುಗಳನ್ನು ಹೇಳುವೆನು.

ಮೊದಲು ಈ ‘ಆಲ್ಬಂ’ ಎಂಬ ಮಾತಿನ ಪೂರ್ವೋತ್ತರವನ್ನು ನೋಡೋಣ. ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ಪ್ಲೇಟಿನ ಒಂದು ಪಕ್ಕದಲ್ಲಿ ಮೂರು ನಾಲ್ಕು ನಿಮಿಷಗಳ ಸಂಗೀತ ಮಾತ್ರ ಹಿಡಿಯುತ್ತಿದ್ದಿತು. ದೀರ್ಘವಾದ ಕೃತಿಯೊಂದನ್ನು ಮುದ್ರಿಸಬೇಕಾದರೆ ಹಲವು ಪ್ಲೇಟುಗಳು ಬೇಕಾಗುತ್ತಿದ್ದವು. ಅವುಗಳನ್ನು ಚಿತ್ರಪಟಗಳ ಪುಸ್ತಕದಂತೆ ಒಂದೇ ರಟ್ಟಿನೊಳಗೆ ಕಟ್ಟಿ ಮಾರುತ್ತಿದ್ದರು. ಆ ಕಟ್ಟಿಗೇ ಆಲ್ಬಂ ಎಂಬ ಹೆಸರು ಬಂದಿತು. 1948ರಲ್ಲಿ ಅಮೆರಿಕದ ಕೊಲಂಬಿಯ ಕಂಪೆನಿಯು ಪಕ್ಕವೊಂದಕ್ಕೆ ಇಪ್ಪತ್ತು ನಿಮಿಷಗಳಿಗೂ ಮೀರಿದ ಸಂಗೀತವನ್ನು ಹಿಡಿಯುವ ದೀರ್ಘಪ್ಲೇಟನ್ನು ಹೊರತಂದ ಮೇಲೆ ಕಟ್ಟು ಹೋಯಿತು, ಹೆಸರು ಉಳಿಯಿತು. ಹೆಸರಿನ ಅರ್ಥವೇನೆಂದರೆ, ಇದು ಆದ್ಯಂತವಾಗಿ ಕೇಳತಕ್ಕ ವಸ್ತು, ಬಿಡಿಬಿಡಿಯಾಗಿ ಕಚ್ಚಿ ನೋಡತಕ್ಕದ್ದಲ್ಲ.

ಜನಪ್ರಿಯತೆಯ ಪಟ್ಟಿಯೂ ಹೊಸದೇನಲ್ಲ. 1952ರ ಡಿಸೆಂಬರಿನಲ್ಲಿ ರೇಡಿಯೋ ಸಿಲೋನಿನಿಂದ ಆರಂಭವಾದ ಬಿನಾಕಾ ಗೀತಮಾಲೆಯಲ್ಲಿ ಅಮೀನ್ ಸಯಾನಿಯವರು ಹಿಂದಿ ಚಲಚ್ಚಿತ್ರಗೀತೆಗಳನ್ನು ಮೆಟ್ಟಲು ಮೆಟ್ಟಲಾಗಿ ಏರಿಸಿ, ವರ್ಷಾಂತ್ಯದಲ್ಲಿ ಆ ವರ್ಷದ ಪಟ್ಟಿಯನ್ನೂ ಓದುತ್ತಿದ್ದರು. ನಾವೂ ಬಾಲ್ಯದಲ್ಲಿ ಅದನ್ನು ಸಂತೋಷದಿಂದ ಕೇಳಿದವರೇ. ಆದರೆ ಅದು ಯಾವುದು ಹೆಚ್ಚು ಪ್ರಚಾರದಲ್ಲಿದೆಯೆಂಬುದರ ಪಟ್ಟಿಯಾಗಿದ್ದಿತು. ಯಾವುದು ಉತ್ತಮವೆಂಬ ತೀರ್ಪು ಅದೆಂದು ಯಾರೂ ಭಾವಿಸುತ್ತಿರಲಿಲ್ಲ. ಇವೆರಡರ ಅಂತರವು ಇಂದು ಮಾಸಿಹೋಗಿದೆ.

ಈಗಿನ ಎಣಿಕೆಯ ಸ್ವರೂಪವೇನು? ಸ್ಪಾಟಿಫೈ ಎಂಬ ಪ್ರಸಿದ್ಧ ಸಂಸ್ಥೆಯಲ್ಲಿ ಒಂದು ಹಾಡನ್ನು 30 ಸೆಕೆಂಡು ಕೇಳಿದರೆ ಅದು ಒಂದು ಸಲ ಕೇಳಿದಂತೆ ಲೆಕ್ಕ. ವಾಚಕರು ಒಮ್ಮೆ ಗಡಿಯಾರವನ್ನು ಮುಂದಿಟ್ಟುಕೊಂಡು ಇದನ್ನು ಪರೀಕ್ಷಿಸಬೇಕು. 30 ಸೆಕೆಂಡುಗಳಲ್ಲಿ ತಂಬೂರಿಯ ಶ್ರುತಿಯು ಮನಸ್ಸಿಗೆ ಹತ್ತುವುದು. ಆಲಾಪನೆಯ ಮೊದಲ ಸಂಚಾರವೊಂದು ಮುಗಿದೀತು. ರಾಗವು ಇನ್ನೂ ಮುಖವನ್ನು ತೋರಿರುವುದಿಲ್ಲ. ಅಷ್ಟರಲ್ಲಿ ಯಂತ್ರವು “ಕೇಳಿದನು” ಎಂದು ಬರೆದುಕೊಂಡಾಯಿತು! ಎದ್ದು ಹೋದವನಿಗೂ, ಕಡೆಯವರೆಗೆ ಕಣ್ಣು ಮುಚ್ಚಿ ಕುಳಿತವನಿಗೂ ಅಲ್ಲಿ ಭೇದವಿಲ್ಲ. ಇನ್ನೊಂದು ಕಡೆ ಇಲ್ಲದ ಭೇದವನ್ನು ಮಾಡಿರುವರು. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯು 2018ರಲ್ಲಿ ಮಾಡಿದ ನಿಯಮದಂತೆ, ಚಂದಾ ತೆತ್ತವರ 1,250 ಕೇಳ್ವೆಗಳು ಒಂದು ಆಲ್ಬಂ ಮಾರಾಟಕ್ಕೆ ಸಮವಾಗಿದ್ದವು. ಜಾಹೀರಾತನ್ನು ಸಹಿಸಿ ಬಿಟ್ಟಿ ಕೇಳುವವರದಾದರೆ 3,750 ಬೇಕಾಗುತ್ತಿದ್ದವು. ಎಂದರೆ ಹಣವಂತನ ಕಿವಿಯೊಂದು ಬಡವನ ಮೂರು ಕಿವಿಗಳಿಗೆ ಸಮವಾಯಿತು. ವ್ಯಾಪಾರದ ಲೆಕ್ಕಕ್ಕೆ ಇದು ಯುಕ್ತವಾಗಿರಬಹುದು. ಅವರು ವರ್ತಕರು, ತಮ್ಮ ಆದಾಯವನ್ನು ಎಣಿಸಿಕೊಳ್ಳಲಿ. ವರ್ತಕನ ಖಾತೆಯ ಪುಸ್ತಕವನ್ನು ಅಲಂಕಾರಶಾಸ್ತ್ರವೆಂದು ಓದುವ ನಮ್ಮನ್ನು ಏನೆನ್ನಬೇಕು?

ಇಲ್ಲಿ ಪೂರ್ವಪಕ್ಷಿಯು ಸ್ಥಾಲೀಪುಲಾಕ ನ್ಯಾಯವನ್ನು ತರಬಹುದು: ಅನ್ನ ಬೆಂದಿತೋ ಇಲ್ಲವೋ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಲದೆ? ಪಾತ್ರೆಯನ್ನೆಲ್ಲ ಉಣ್ಣಬೇಕೆ? ಸಾಲದು ಎನ್ನುವೆನು. ಒಂದೇ ಪಾತ್ರೆಯ ಅಗುಳುಗಳು ಒಂದೇ ನೀರಿನಲ್ಲಿ ಒಂದೇ ಹದಕ್ಕೆ ಬೇಯುವುವು. ಆದುದರಿಂದ ಒಂದು ಅಗುಳು ಉಳಿದವುಗಳಿಗೆ ಸಾಕ್ಷಿಯಾಗಬಲ್ಲುದು. ಕೃತಿಯ ಅಂಗಗಳು ಹಾಗಲ್ಲ. ಪಲ್ಲವಿಯಲ್ಲಿ ಇಟ್ಟ ಮಾತಿಗೆ ಅನುಪಲ್ಲವಿಯು ಎತ್ತರವನ್ನು ಕೊಡುವುದು. ಚರಣದಲ್ಲಿ ಅರ್ಥವು ಪಕ್ವವಾಗುವುದು. ಮತ್ತೆ ಪಲ್ಲವಿಗೆ ಬಂದಾಗ ಅದೇ ಸಾಲು ಬೇರೆಯದಾಗಿ ಕೇಳಿಸುವುದು. ಮೊದಲನೆಯ ತುತ್ತಿನಲ್ಲಿಯೇ ಎಲ್ಲವನ್ನೂ ಒಪ್ಪಿಸಬೇಕೆಂದು ನಿರ್ಬಂಧಿಸಿದರೆ, ರಚನೆ ಮಾಡುವವನು ಎಲ್ಲ ಸಕ್ಕರೆಯನ್ನೂ ಮೇಲೆಯೇ ಸುರಿಯುವನು. ಕೇಳುವವರ ಅಸಹನೆಯು ಹೀಗೆ ರಚಿಸುವವರ ಕೈಯನ್ನೂ ಕೆಡಿಸುವುದು.

ಎರಡನೆಯ ಪೂರ್ವಪಕ್ಷವು ಇನ್ನೂ ಬಲವಾದುದು. “ಇದು ಪ್ರಜಾಪ್ರಭುತ್ವದ ಕಾಲ. ಹತ್ತು ಮಂದಿ ಪಂಡಿತರ ತಲೆಯಾಟಕ್ಕಿಂತ ಕೋಟಿ ಜನರ ಮೆಚ್ಚುಗೆಯು ದೊಡ್ಡದಲ್ಲವೆ?” ಎಂದು ಕೇಳುವರು. ಜನರ ಮೆಚ್ಚುಗೆಯನ್ನು ನಾನು ಹಳಿಯುವುದಿಲ್ಲ. ಆದರೆ ಮೆಚ್ಚುವುದೆಂದರೆ ಹಲವನ್ನು ಕಂಡು ಒಂದನ್ನು ಆರಿಸುವುದಷ್ಟೆ. ಒಬ್ಬನು ಕೇಳಿದನೆಂಬ ಕಾರಣದಿಂದ ಯಂತ್ರವು ಇನ್ನೊಬ್ಬನ ಮುಂದೆ ಅದನ್ನೇ ಇಡುವುದು. ಅವನು ಕೇಳಿದನೆಂದು ಮೂರನೆಯವನ ಮುಂದೆ. ನಮ್ಮ ಶಾಸ್ತ್ರಕಾರರು ಇದಕ್ಕೆ ಗಡ್ಡರಿಕಾಪ್ರವಾಹವೆಂದು ಹೆಸರಿಟ್ಟಿರುವರು: ಮುಂದಿನ ಕುರಿಯ ಹಿಂದೆ ಕುರಿ. ಹಿಂಡಿನ ಕುರಿಗಳನ್ನು ಎಣಿಸಿ ಇಷ್ಟು ಕುರಿಗಳು ಈ ದಾರಿಯನ್ನು ವಿಚಾರಮಾಡಿ ಆರಿಸಿದವೆಂದು ಹೇಳುವುದು ಎಷ್ಟರ ಮಟ್ಟಿಗೆ ಸರಿಯೋ, ಈ ಅಂಕೆಯು ಜನಾಭಿಪ್ರಾಯವೆನ್ನುವುದೂ ಅಷ್ಟರ ಮಟ್ಟಿಗೆ ಸರಿ.

ಕಲೆಯಲ್ಲಿ ಹೆಚ್ಚು ಕಡಮೆಗಳನ್ನು ತೀರ್ಮಾನಿಸುವ ಬಗೆಗೆ ಕಾಳಿದಾಸನು ಒಂದು ದೃಷ್ಟಾಂತವನ್ನು ಒದಗಿಸಿರುವನು. ಮಾಲವಿಕಾಗ್ನಿಮಿತ್ರದಲ್ಲಿ ಗಣದಾಸ ಹರದತ್ತರೆಂಬ ನಾಟ್ಯಾಚಾರ್ಯರಿಬ್ಬರು ತಮ್ಮಲ್ಲಿ ಯಾರು ಮೇಲೆಂದು ಜಗಳವಾಡಿ ರಾಜನ ಮುಂದೆ ಬರುವರು. ಪರಿವ್ರಾಜಿಕೆಯು ಮಧ್ಯಸ್ಥೆಯಾಗುವಳು. ಗಣದಾಸನ ಶಿಷ್ಯೆ ಮಾಲವಿಕೆಯ ಪ್ರಯೋಗವಾದ ಮೇಲೆ ಆಕೆಯು ಬರಿಯ “ಭಲೆ” ಎನ್ನದೆ, ಅಂಗಗಳ ಅಭಿನಯವೆಂತು, ಹೆಜ್ಜೆಗೂ ಲಯಕ್ಕೂ ಹೊಂದಿಕೆಯೆಂತು ಎಂದು ಒಂದೊಂದಾಗಿ ಹೇಳಿ ಮೆಚ್ಚುವಳು. ವಿಮರ್ಶೆಯೆಂದರೆ ಇದು. ಆದರೆ ಅದೇ ಪ್ರಸಂಗದ ಇನ್ನೊಂದು ಮುಖವನ್ನೂ ನೋಡಿರಿ. ಆ ಸ್ಪರ್ಧೆಯನ್ನು ಹೂಡಿದ್ದವನು ವಿದೂಷಕ. ರಾಜನು ಮಾಲವಿಕೆಯನ್ನು ಕಣ್ಣಾರೆ ಕಾಣಬೇಕೆಂಬುದೇ ಅದರ ಒಳ ಉದ್ದೇಶ. ಆಕೆಯನ್ನು ನೋಡಿಯಾದ ಮೇಲೆ ಊಟದ ಹೊತ್ತಾಯಿತೆಂದು ಸಭೆಯು ಮುಗಿಯುವುದು. ಹರದತ್ತನ ಶಿಕ್ಷಣದ ಪ್ರಯೋಗವನ್ನು ನಾಟಕದ ಪ್ರೇಕ್ಷಕರು ಕಾಣುವುದೇ ಇಲ್ಲ. ಗಣದಾಸನದೇ ಮೇಲಾಯಿತೆಂಬ ವಾರ್ತೆ ಮಾತ್ರ ಮುಂದಿನ ಅಂಕದಲ್ಲಿ ದಾಸಿಯರ ಬಾಯಿಂದ ಕೇಳಿಬರುವುದು. ಇಂದಿನ ಪಟ್ಟಿಗಳಲ್ಲಿ ಸೋತವರೆಂದು ಎಣಿಸಲ್ಪಟ್ಟವರಲ್ಲಿ ಎಷ್ಟು ಮಂದಿ ಹರದತ್ತರಿರುವರೋ! ಅವರು ಸೋತವರಲ್ಲ, ಕೇಳಲ್ಪಡದವರು.

ಕೇಳಲ್ಪಡದುದಕ್ಕೂ ಓದಲ್ಪಡದುದಕ್ಕೂ ಬೆಲೆಯಿಲ್ಲವೆಂಬ ಮಾತನ್ನು ಮೈಸೂರಿನವರು ಹೇಳುವ ಹಾಗೆಯೇ ಇಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಲುಪ್ತವಾಯಿತೆಂದೇ ಲೋಕವು ನಂಬಿದ್ದ ಕಾಲದಲ್ಲಿ, 1905ರಲ್ಲಿ, ನಮ್ಮ ಊರಿನ ಓರಿಯಂಟಲ್ ಲೈಬ್ರರಿಯ ತಾಳೆಯೋಲೆಗಳಲ್ಲಿ ಅದನ್ನು ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು, ಗ್ರಂಥವು 1909ರಲ್ಲಿ ಅಚ್ಚಾಯಿತು. ಅದಕ್ಕೆ ಹಿಂದಿನ ವರ್ಷಗಳಲ್ಲಿ ಆ ಓಲೆಗಳನ್ನು ಓದಿದವರ ಸಂಖ್ಯೆಯನ್ನು ಹಾಕಿದ್ದರೆ ಎಷ್ಟು ಬರುತ್ತಿದ್ದಿತು?

ಸಂಗೀತದಲ್ಲಿಯೇ ಉದಾಹರಣೆ ಬೇಕೆಂದರೆ ಅದೂ ನಮ್ಮ ಅರಮನೆಯಲ್ಲಿಯೇ ಉಂಟು. ರಷ್ಯದಲ್ಲಿ ಹುಟ್ಟಿದ ನಿಕೊಲಾಯ್ ಮೆಟ್ನರ್ ಎಂಬ ವಾಗ್ಗೇಯಕಾರನು ಸ್ವದೇಶವನ್ನು ಬಿಟ್ಟು ಕಡೆಗೆ ಲಂಡನ್ನಿನಲ್ಲಿ ನೆಲೆಸಿ, ಮುಪ್ಪಿನಲ್ಲಿ ರೋಗಿಯಾಗಿ, ಬಹುಮಂದಿಗೆ ಬೇಡವಾಗಿದ್ದನು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಜಯಚಾಮರಾಜ ಒಡೆಯರು ಧನಸಹಾಯವನ್ನಿತ್ತು ಆತನ ಕೃತಿಗಳನ್ನು ಆತನಿಂದಲೇ ನುಡಿಸಿ ಮುದ್ರಿಸಲು ಏರ್ಪಾಡು ಮಾಡಿದರು. ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪೆನಿಯವರು ಪ್ಲೇಟುಗಳನ್ನು ಹೊರಡಿಸಿದರು. ಆತನ ಮೂರು ಪಿಯಾನೊ ಕಾನ್ಚೆರ್ಟೊಗಳೂ ಅವುಗಳಲ್ಲಿ ಸೇರಿದವು. ಮೂರನೆಯ ಕಾನ್ಚೆರ್ಟೊವನ್ನು ಆತನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದನು. ಮೆಟ್ನರ್ 1951ರಲ್ಲಿ ಕಾಲವಾದನು. ಆತನ ಕೈಯ ನುಡಿತ ಮಾತ್ರ ಇಂದಿಗೂ ಕೇಳಲು ದೊರೆಯುತ್ತಿದೆ. “ಅದು ದೊರೆಯ ಬೊಕ್ಕಸ” ಎನ್ನುವರೇನೋ. ಬೊಕ್ಕಸದ ಮಾತನ್ನು ಬದಿಗಿಡಿರಿ. ಇಲ್ಲಿ ನೋಡಬೇಕಾದುದು ಕಿವಿಯನ್ನು. ಮೈಸೂರು ವಾಸುದೇವಾಚಾರ್ಯರಲ್ಲಿ ಪಾಠ ಹೇಳಿಸಿಕೊಂಡು, ಶ್ರೀವಿದ್ಯಾ ಮುದ್ರಿಕೆಯಿಂದ ತಾವೇ ಕೃತಿಗಳನ್ನು ರಚಿಸಿದ ಆ ಪ್ರಭುಗಳು, ಎಷ್ಟು ಮಂದಿ ಕೇಳುತ್ತಾರೆಂದು ವಿಚಾರಿಸದೆ, ಕೇಳಿದುದು ಎಂಥದೆಂದು ವಿಚಾರಿಸಿದರು.

ಇದರಿಂದ ಕನ್ನಡಕ್ಕೇನು ನಷ್ಟವೆಂದು ಕೇಳಬಹುದು. ಅಂಕೆಯು ಬರಿಯ ಮರ್ಯಾದೆಯ ಮಾತಾಗಿ ಉಳಿದಿಲ್ಲ, ಅನ್ನದ ಮಾತಾಗಿದೆ. 2024ರಿಂದ ಮೇಲೆ ಹೇಳಿದ ಸ್ಪಾಟಿಫೈ ಸಂಸ್ಥೆಯು, ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಕೇಳ್ವೆಗಳಾದರೂ ಇಲ್ಲದ ಹಾಡಿಗೆ ಗೌರವಧನವನ್ನು ಕೊಡುವುದನ್ನು ನಿಲ್ಲಿಸಿತು. ಹಿಂದಿ ಇಂಗ್ಲಿಷುಗಳ ಮಹಾಪ್ರವಾಹದಲ್ಲಿ ಸಾವಿರವು ಒಂದು ಹನಿ. ದಾಸರ ಅಪ್ರಸಿದ್ಧ ಪದವೊಂದಕ್ಕೆ ರಾಗ ಕೂಡಿಸಿ ಹಾಡಿದ ಸಣ್ಣ ಊರಿನ ಗಾಯಕಿಗೆ ಅದೊಂದು ಕೋಟೆಗೋಡೆ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ವು ಕನ್ನಡ ಭಾವಗೀತೆಗಳ ಮೊದಲನೆಯ ಧ್ವನಿಸುರುಳಿಯಾಗಿ ಹೊರಬಂದಿತು. ಅದಕ್ಕೆ ಮುಂಚೆ ಅಂಥದು ಇರಲಿಲ್ಲವಾದುದರಿಂದ, ಕೇಳುವವರಿದ್ದಾರೆಂದು ತೋರಿಸುವ ಅಂಕೆಯೂ ಇರಲಿಲ್ಲ. ಅಂಕೆಯನ್ನು ಕಾದು ಕುಳಿತಿದ್ದರೆ ಆ ಸುರುಳಿಯೂ ಇಲ್ಲ, ಅದರ ಹಿಂದೆ ಬಂದ ಸುಗಮಸಂಗೀತದ ಸಂಪತ್ತೂ ಇಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ, “ಈಗಿನ ಕಾಲದಲ್ಲಿ ಸಂಗೀತವೆಲ್ಲಿದೆ?” ಎಂದು ನಿಟ್ಟುಸಿರಿಡುವ ನನ್ನ ವಯಸ್ಸಿನವರು ನನ್ನನ್ನು ತಮ್ಮ ಪಕ್ಷದ ವಕೀಲನೆಂದು ಎಣಿಸಬಾರದು. ಹಳೆಯದೆಂಬುದರಿಂದಲೇ ಎಲ್ಲವೂ ಒಳ್ಳೆಯದಲ್ಲವೆಂಬುದನ್ನು ಅದೇ ಮಾಲವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿ ಕಾಳಿದಾಸನು ಸೂತ್ರಧಾರನಿಂದ ಹೇಳಿಸಿರುವನು. ಆತನೂ ಅಂದು ಹೊಸ ಕವಿ. ಚಲಚ್ಚಿತ್ರದ ಹಾಡೆಂದರೆ ಮೂಗು ಮುರಿದ ನಮ್ಮ ಪಂಡಿತರು, ‘ಗಂಧದ ಗುಡಿ’ಯ ರಾಗಸಂಯೋಜಕರಾದ ರಾಜನ್ ನಾಗೇಂದ್ರ ಸೋದರರು ಮೈಸೂರಿನ ಮಕ್ಕಳೆಂಬುದನ್ನು ಬಹುಕಾಲ ಅಭಿಮಾನದಿಂದ ಹೇಳಿಕೊಳ್ಳಲಿಲ್ಲ. 1966ರ ‘ಸಂಧ್ಯಾರಾಗ’ ಚಿತ್ರದಲ್ಲಿ ಭೀಮಸೇನ ಜೋಶಿಯವರೂ ಬಾಲಮುರಳೀಕೃಷ್ಣರೂ ಹಾಡಿರುವರೆಂಬುದನ್ನು ಮರೆತು ಚಿತ್ರಗೀತೆಗಳೆಲ್ಲ ಹೇಯವೆನ್ನುವುದು ಎಂಥ ರಸಿಕತೆ? ಕೇಳದೆ ಹಳಿಯುವ ಹಿರಿಯನೂ, 30 ಸೆಕೆಂಡು ಕೇಳಿ ಹೊಗಳುವ ಕಿರಿಯನೂ ಒಂದೇ ದೋಷಕ್ಕೆ ಭಾಗಿಗಳು.

ಕಾರಣಗಳನ್ನಿಟ್ಟು ವಾದಿಸುವುದು ನಮಗೆ ಬಾರದುದಲ್ಲ. 2004ರಲ್ಲಿ ಕುವೆಂಪು ಅವರ ಗೀತೆಯು ನಾಡಗೀತೆಯಾದ ಮೇಲೆ, ಅನಂತಸ್ವಾಮಿಯವರ ಧಾಟಿಯೋ ಸಿ. ಅಶ್ವತ್ಥರ ಧಾಟಿಯೋ ಎಂಬ ಚರ್ಚೆಯು ವರ್ಷಗಟ್ಟಲೆ ನಡೆಯಿತು. ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷಗಳಲ್ಲಿ ಹಾಡತಕ್ಕದ್ದೆಂದು ಸರ್ಕಾರವು 2022ರಲ್ಲಿ ಆಜ್ಞೆ ಮಾಡಿತು. ತೀರ್ಪನ್ನು ಎಲ್ಲರೂ ಒಪ್ಪಲಿಲ್ಲ, ಅದಿರಲಿ. ಹಾಡಿನ ಅವಧಿಯೆಷ್ಟು, ಪೂರ್ಣಪಾಠವು ಬೇಕೆ, ಸಭೆಯಲ್ಲಿ ಎಲ್ಲರೂ ಕೂಡಿ ಹಾಡಲು ಯಾವುದು ಅನುಕೂಲ ಎಂದು ಜನರು ಧಾಟಿಯನ್ನೇ ಕುರಿತು ಮಾತಾಡಿದರಷ್ಟೆ. ಯಾವುದನ್ನು ಎಷ್ಟು ಕೋಟಿ ಸಲ ಒತ್ತಿದರೆಂದು ನೋಡಿ ಅದನ್ನು ತೀರಿಸಿದ್ದರೆ ಅದು ನಾಡಿಗೆ ಅವಮಾನವಾಗುತ್ತಿರಲಿಲ್ಲವೆ?

ಆದುದರಿಂದ ಈ ವರ್ಷಾಂತ್ಯದ ವಾದಕ್ಕೆ ನಮ್ಮ ಮನೆಗಳಲ್ಲಿ ನಾಲ್ಕು ನಿಯಮಗಳಿರಲೆಂದು ಸೂಚಿಸುವೆನು. ಒಂದು: ಆದ್ಯಂತವಾಗಿ ಎರಡು ಸಲವಾದರೂ ಕೇಳದ ಗೀತಗುಚ್ಛವನ್ನು ಕುರಿತು ಯಾರೂ ಮಾತೆತ್ತಬಾರದು. ಎರಡು: ಹೊಗಳಿಕೆಯಾಗಲಿ ತೆಗಳಿಕೆಯಾಗಲಿ ರಾಗ, ಲಯ, ಸಾಹಿತ್ಯ, ಉಚ್ಚಾರಗಳಲ್ಲಿ ಒಂದನ್ನು ಹಿಡಿದು ಬರಬೇಕು, ಅಂಕೆಯನ್ನು ತೋರಿಸಿದವನ ಮಾತಿಗೆ ಲೆಕ್ಕವಿಲ್ಲ. ಮೂರು: ಉಳಿದವರಾರೂ ಕೇಳಿರದ ಒಂದು ಕನ್ನಡ ಕೃತಿಯನ್ನು ಪ್ರತಿಯೊಬ್ಬನೂ ತಂದು ಕೇಳಿಸಬೇಕು, ಹಿರಿಯರು ಹಳೆಯದನ್ನು ತರಲಿ, ಕಿರಿಯರು ಹೊಸದನ್ನು ತರಲಿ. ನಾಲ್ಕು: ಹತ್ತು ವರ್ಷಗಳ ಹಿಂದೆ ಶ್ರೇಷ್ಠವೆನಿಸಿದ್ದ ಒಂದನ್ನು ಅಂದೇ ಮತ್ತೆ ಕೇಳಿ, ಅದು ಇನ್ನೂ ನಿಲ್ಲುವುದೋ ಇಲ್ಲವೋ ನೋಡಬೇಕು. ಇದಕ್ಕೆ ಹಣವೂ ಬೇಡ, ಸಭಾಭವನವೂ ಬೇಡ. ಒಂದು ಸಂಜೆಯ ಬಿಡುವು ಸಾಕು.

ಹೀಗೆ ನಡೆದ ಚರ್ಚೆಯಲ್ಲಿ ಒಮ್ಮತವು ಹುಟ್ಟಲಾರದು; ಹುಟ್ಟಬೇಕಾಗಿಯೂ ಇಲ್ಲ. ಆದರೆ ಅದು ಮುಗಿಯುವಷ್ಟರಲ್ಲಿ ಯಾವನೋ ಒಬ್ಬ ಗಾಯಕನ, ಯಾವಳೋ ಒಬ್ಬ ವೈಣಿಕಳ ಕೃತಿಯನ್ನು ಆ ಮನೆಯಲ್ಲಿ ನಾಲ್ವರು ಕಡೆಯವರೆಗೆ ಕೇಳಿರುವರು. ಪಟ್ಟಿಯು ಮಾಡಲಾರದ ಕೆಲಸ ಅಷ್ಟರಿಂದ ಆಗುವುದು.