ಛತ್ರದವನ ಬಾಕಿ

ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನ ಕಥೆ ಬಹಳ ಜನಕ್ಕೆ ಗೊತ್ತು. ಯಾಜಕ ನೋಡಿ ಆಚೆ ಮಗ್ಗುಲಿಂದ ಹೋದ, ಲೇವಿಯನೂ ಹೋದ. ಯೆಹೂದ್ಯರು ಹೊಕ್ಕುಬಳಕೆ ಇಟ್ಟುಕೊಳ್ಳದ ಸಮಾರ್ಯದವನೊಬ್ಬ ಮಾತ್ರ ನಿಂತ. ಲೂಕನ ಸುವಾರ್ತೆಯ 10ನೇ ಅಧ್ಯಾಯದ ಈ ಕಥೆಯಲ್ಲಿ ಚಿಕ್ಕಂದಿನಲ್ಲಿ ನನ್ನ ಕಣ್ಣೆಲ್ಲ ಅವನ ಕರುಣೆಯ ಮೇಲೆ. ಈಗ ಕೊನೆಯ ತುಂಡು ದೊಡ್ಡದಾಗಿ ಕಾಣುತ್ತದೆ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿ, ಛತ್ರಕ್ಕೆ ಕರೆತಂದು ಆರೈಕೆ ಮಾಡಿದ ಮೇಲೆ ಮರುದಿನ ಅವನು ಛತ್ರದವನ ಕೈಗೆ ಎರಡು ದೆನಾರಿ ಕೊಡುತ್ತಾನೆ. ಆ ಕಾಲಕ್ಕೆ ಒಂದು ದೆನಾರಿ ಕೂಲಿಯವನ ಒಂದು ದಿನದ ದುಡಿಮೆ. ಹೆಚ್ಚು ಖರ್ಚಾದರೆ ತಿರುಗಿ ಬರುವಾಗ ತೀರಿಸುತ್ತೇನೆ ಎನ್ನುತ್ತಾನೆ. ಎಷ್ಟಾದೀತು ಎಂದು ಕೇಳುವುದಿಲ್ಲ. ಬಿದ್ದವನಾದರೋ ಇಡೀ ಕಥೆಯಲ್ಲಿ ಒಂದು ಮಾತೂ ಆಡುವುದಿಲ್ಲ. ಅವನು ಉಪಕಾರ ನೆನೆದನೋ ಇಲ್ಲವೋ, ಯೇಸು ಅದನ್ನು ಹೇಳುವ ಗೋಜಿಗೇ ಹೋಗಲಿಲ್ಲ.

ಮನಸ್ಸು ಕರಗುವುದಕ್ಕೆ ಒಂದು ಗಳಿಗೆ ಸಾಕು, ನಮ್ಮೆಲ್ಲರಿಗೂ ಕರಗುತ್ತದೆ. ನಾಳೆಯ ಖರ್ಚನ್ನು ತಲೆಯ ಮೇಲೆ ಹೊತ್ತುಕೊಳ್ಳುವವರು ವಿರಳ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯದಲ್ಲಿ ಪೌಲನು ಪ್ರೀತಿ ಎಂಥದೆಂದು ಹೇಳುವಾಗ ಗ್ರೀಕ್ ಮೂಲದಲ್ಲಿ ಬಳಸಿರುವುದು ಗುಣವಾಚಕಗಳನ್ನಲ್ಲ, ಸಾಲುಸಾಲು ಕ್ರಿಯಾಪದಗಳನ್ನು. ಮದುವೆಗಳಲ್ಲಿ ಅದನ್ನು ಓದುವುದು ಕೇಳಿದಾಗಲೆಲ್ಲ ನನಗೆ ಈ ವ್ಯಾಕರಣವೇ ನೆನಪಾಗುತ್ತದೆ.

ಹೀಗೆ ಬಾಕಿ ಹೊತ್ತವರೊಬ್ಬರು ನಮ್ಮ ಕರಾವಳಿಯಲ್ಲೇ ಇದ್ದರು. ಜರ್ಮನಿಯ ಅಗಸ್ಟಸ್ ಮುಲ್ಲರ್, ಯೇಸುಸಭೆಯ ಪಾದ್ರಿ, 1878ರ ಕೊನೆಗೆ ಮಂಗಳೂರಿಗೆ ಬಂದರು. ಪಾಠ ಹೇಳಲು ಬಂದವರು 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ನೆಲೆ ಕಲ್ಪಿಸಿದರು. ಊರಾಚೆ ತಳ್ಳಿಸಿಕೊಂಡವರನ್ನು ಒಳಗೆ ಕರೆದ ಮೇಲೆ ಅವರ ಊಟ, ಬಟ್ಟೆ, ಗಾಯದ ಪಟ್ಟಿ, ಎಲ್ಲವೂ ದಿನದಿನದ ಖರ್ಚು. ಮುಲ್ಲರ್ ಔಷಧಗಳನ್ನು ಮಾರಿ, ಬಂದ ಹಣವನ್ನು ಈ ಕೆಲಸಕ್ಕೆ ಸುರಿದರು. ಸೀಸೆ ತುಂಬಿಸುವುದು, ಚೀಟಿ ಅಂಟಿಸುವುದು, ಲೆಕ್ಕ ಬರೆಯುವುದು ಪ್ರಾರ್ಥನೆಗಿಂತ ಕೆಳಗಿನ ಕೆಲಸವೆಂದು ನನಗೆ ಅನ್ನಿಸುವುದಿಲ್ಲ. 1910ರಲ್ಲಿ ಅವರು ತೀರಿಕೊಂಡರು. ಅವರ ಹೆಸರಿನ ಆಸ್ಪತ್ರೆಯ ಬಾಗಿಲು ಇಂದಿಗೂ ಮುಚ್ಚಿಲ್ಲ.

ಕೆಲವು ವರ್ಷಗಳ ಹಿಂದೆ, ಬೇರೊಂದು ಊರಿನ ಕುಷ್ಠರೋಗಿಗಳ ಆಶ್ರಮದಲ್ಲಿ ಒಂದು ಬೆಳಿಗ್ಗೆ ಕಳೆದಿದ್ದೆ. ರೋಗ ಈಗ ಔಷಧದಿಂದ ಗುಣವಾಗುತ್ತದೆ. ಆದರೆ ತಡವಾಗಿ ಬಂದವರಲ್ಲಿ ಸತ್ತ ನರ ಸತ್ತೇ ಇರುತ್ತದೆ, ಅಂಗಾಲಿಗೆ ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ನೋವಿಲ್ಲದ ಕಾಲಿನ ಮೇಲೆ ಮನುಷ್ಯ ನಡೆಯುತ್ತಲೇ ಇರುತ್ತಾನೆ, ಹುಣ್ಣು ಎಲುಬಿಗೆ ಇಳಿಯುತ್ತದೆ. ಅದಕ್ಕೇ ಅಲ್ಲಿ ದಿನವೂ ನೀರಿನಲ್ಲಿ ಕಾಲು ನೆನೆಸಿ, ಎಣ್ಣೆ ಸವರಿ, ಬೆರಳ ಸಂದಿಯನ್ನೂ ಬಿಡದೆ ನೋಡುತ್ತಿದ್ದರು.

ವಯಸ್ಸಾದ ಸಿಸ್ಟರೊಬ್ಬರು ನೆಲದ ಮೇಲೆ ಕುಳಿತಿದ್ದರು. "ಅಜ್ಜ, ಚಪ್ಪಲಿ ನೋಡಿಕೊಂಡ್ರಾ?"

"ನೋಡಿದ್ದೇನೆ ಸಿಸ್ಟರ್, ಎಂತದೂ ಇಲ್ಲ."

ಆದರೂ ಅವರು ಮೆತ್ತನೆಯ ರಬ್ಬರಿನ ಆ ಚಪ್ಪಲಿಯನ್ನು ಎತ್ತಿಕೊಂಡು, ಪಟ್ಟಿಯ ಕೆಳಗೆ ಕೈ ತೂರಿಸಿ, ಹಿಮ್ಮಡಿಯಿಂದ ತುದಿಯವರೆಗೆ ಅಂಗೈಯನ್ನು ಮೆಲ್ಲಗೆ ಎಳೆದರು. ನಡುವೆ ಒಂದು ಕಡೆ ಕೈ ತಡೆಯಿತು. ಸಣ್ಣಗೆ "ಸ್ಸ್" ಎಂದರು. ಅಕ್ಕಿಕಾಳಿನಷ್ಟು ಮೊಳೆಯ ಮೊನೆ. ಅಜ್ಜ ಅದನ್ನು ಎಷ್ಟು ದಿನ ಮೆಟ್ಟಿಕೊಂಡು ತಿರುಗಿದ್ದರೋ. ಸಿಸ್ಟರ್ ಇಕ್ಕಳ ತರಿಸಿ ಮೊಳೆ ಕಿತ್ತರು, ಅದೇ ಅಂಗೈಯನ್ನು ಇನ್ನೊಮ್ಮೆ ಉದ್ದಕ್ಕೂ ಎಳೆದು ನೋಡಿದರು, ಆಮೇಲೆ ಮತ್ತೊಂದು ಚಪ್ಪಲಿಗೆ ಕೈ ಚಾಚಿದರು.