ಅರ್ಧಕ್ಕರ್ಧ ಎಂದರೆ ಸಮತೋಲನವಲ್ಲ

ಉಳಿತಾಯದ ಅರ್ಧ ದೀರ್ಘಾವಧಿಗೆ, ಇನ್ನರ್ಧ ಟ್ರೆಂಡ್ ಟ್ರೇಡಿಂಗಿಗೆ ಎಂಬ ಸಲಹೆ ಕೇಳಲು ಚೆಂದ, ಲೆಕ್ಕಕ್ಕೆ ನಿಲ್ಲದು. 2020ರ ಮಾರ್ಚ್‌ನ ಷೇರುಪೇಟೆ ಕುಸಿತದಲ್ಲಿ ಟ್ರೆಂಡ್ ನೋಡಿ ಬೇಗ ಹೊರಬಂದವರು ಬಚಾವಾದರು, ಒಪ್ಪೋಣ. ಆದರೆ ಚೇತರಿಕೆಯ ಹೊತ್ತಿಗೆ ಒಳಬರುವುದೂ ಅಷ್ಟೇ ಮುಖ್ಯವಲ್ಲವೇ?

ತೆರಿಗೆಯನ್ನೂ ನೋಡಿ: ವರ್ಷದೊಳಗೆ ಮಾರಿದ ಷೇರಿನ ಲಾಭಕ್ಕೆ ಶೇ 20 ತೆರಿಗೆ. ವರ್ಷ ದಾಟಿದರೆ 1.25 ಲಕ್ಷ ರೂಪಾಯಿ ಮೀರಿದ ಲಾಭಕ್ಕಷ್ಟೇ ಶೇ 12.5. ಆ ಸಲಹೆಯಲ್ಲಿ ಈ ಮಾತೇ ಇಲ್ಲ. ಮೇಲಾಗಿ, ಒಂದೇ ಡಿಮ್ಯಾಟ್ ಖಾತೆಯಲ್ಲಿ ಒಂದೇ ಕಂಪನಿಯ ಷೇರುಗಳಿದ್ದರೆ ಮೊದಲು ಕೊಂಡದ್ದೇ ಮೊದಲು ಮಾರಿದ ಲೆಕ್ಕ. ಹೂಡಿಕೆ, ಟ್ರೇಡಿಂಗ್ ಎರಡನ್ನೂ ಹಾಗೆ ಬೆರೆಸಿದರೆ ಹಳೆಯ ಹೂಡಿಕೆಯೇ ಕರಗುತ್ತದೆ.

ಇನ್ನೂ ದೊಡ್ಡ ಅಪಾಯ, ಸ್ಟಾಪ್‌ಲಾಸ್ ಮುರಿದ ಷೇರಿಗೆ ‘ದೀರ್ಘಾವಧಿ’ ಎಂಬ ಪಟ್ಟ ಕಟ್ಟುವುದು. ಟ್ರೇಡಿಂಗ್ ಬೇಕೇ ಬೇಕೆಂದರೆ ಬೇರೆ ಖಾತೆ ತೆರೆಯಿರಿ, ಉಳಿತಾಯದ ಹತ್ತನೇ ಒಂದು ಪಾಲು ಮೀರಬೇಡಿ, ನಷ್ಟ ತುಂಬಲು ಎಸ್‌ಐಪಿಗೆ ಕೈ ಹಾಕಬೇಡಿ.